ಈಟಿಗೆ ಯಾವ ಊರು?

ಅಟ್ಟದಿಂದ ಇಳಿದ ತುಕ್ಕು ಹಿಡಿದ ಈಟಿ. ಆಫ್ರಿಕಾದ್ದು ಎನ್ನುತ್ತದೆ ಮನೆ. ಲಿಂಗದಹಳ್ಳಿಯ ಕಮ್ಮಾರರು ಅಲಗನ್ನು ನೋಡಲೇ ಇಲ್ಲ. ಬುಡದ ಕೊಳವೆಯೊಳಗೆ ಬೆರಳಿಟ್ಟು ನಕ್ಕರು!

ಆಯುಧಪೂಜೆಗೆ ಇನ್ನು ನಾಲ್ಕೇ ದಿನ. ಲಿಂಗದಹಳ್ಳಿಯ ಆ ಮನೆಯ ಹಜಾರದಲ್ಲಿ ಗೋಣಿಚೀಲ ಹಾಸಿ ಮನೆಯ ಕಬ್ಬಿಣವನ್ನೆಲ್ಲ ಸುರಿದಿದ್ದರು. ಎರಡು ಗುದ್ದಲಿ, ಒಂದು ಹಾರೆ, ಮೂರು ಮಚ್ಚು, ಈಳಿಗೆ ಮಣೆ, ಅಡಿಕೆ ಕೊಯ್ಯುವ ದೋಟಿಯ ಕತ್ತಿ, ಡಬ್ಬದ ತುಂಬ ಸ್ಪ್ಯಾನರು. ಅಜ್ಜಿ ಹುಣಸೆಹಣ್ಣು ಕಿವುಚುತ್ತಿದ್ದರು. ಮೊಮ್ಮಗ ಮರಳು ಕಾಗದ ಹಿಡಿದು ಸಿದ್ಧವಾಗಿ ಕೂತಿದ್ದ.

ಗೋಣಿಯ ಅಂಚಿನಲ್ಲಿ ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಉದ್ದದ ಈಟಿ ಬಿದ್ದಿತ್ತು. ಕಾವನ್ನು ಎಂದೋ ಗೆದ್ದಲು ತಿಂದಿದೆ. ಉಳಿದದ್ದು ಅಲಗು, ಅದರ ಬುಡದ ಕೊಳವೆ, ಅಷ್ಟೇ.

"ನೋಡಪ್ಪಾ, ಇದು ಆಫ್ರಿಕಾದ್ದು," ಅಂದರು ಅಜ್ಜಿ. "ನಮ್ಮ ಮಾವನೋರು ಮಿಲಿಟರೀಲಿದ್ರು. ಯುದ್ಧ ಮುಗಿಸ್ಕೊಂಡು ಬರೋವಾಗ ತಂದ್ರಂತೆ. ನೀನು ಪೇಪರ್‌ನೋನು, ನೋಡಿ ಹೇಳು."

ನಾನು ಮೊದಲು ಮಾಡಿದ ಕೆಲಸ, ಹುಡುಗನ ಕೈಯಿಂದ ಮರಳು ಕಾಗದ ಕಿತ್ತುಕೊಂಡದ್ದು.

ನಗುವ ಮಾತಲ್ಲ

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯ ಊರಿಗೂ ಆಫ್ರಿಕಾಕ್ಕೂ ಎತ್ತಣ ಸಂಬಂಧ ಎಂದು ನಕ್ಕುಬಿಡಬಹುದಿತ್ತು. ಆದರೆ ಅಜ್ಜಿಯ ಮಾತಿಗೆ ಆಧಾರವಿಲ್ಲದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಭಾರತದ 4 ಮತ್ತು 5ನೇ ಡಿವಿಷನ್‌ಗಳು ಸೂಡಾನ್ ಕಡೆಯಿಂದ ಎರಿಟ್ರಿಯಾದೊಳಕ್ಕೆ ನುಗ್ಗಿದವು. 1941ರ ಫೆಬ್ರುವರಿ, ಮಾರ್ಚ್‌ನಲ್ಲಿ ಕೆರೆನ್ ಎಂಬಲ್ಲಿನ ಬೋಳು ಬೆಟ್ಟಗಳಲ್ಲಿ ವಾರಗಟ್ಟಲೆ ಹೊಡೆದಾಡಿ ಇಟಲಿಯ ಸೈನ್ಯವನ್ನು ಹಿಮ್ಮೆಟ್ಟಿಸಿದವು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್‌ನವರೂ ಆ ದಂಡಿನಲ್ಲಿದ್ದರು. ದಂಡಿಗೆ ಹೋದವರು ಬರಿಗೈಲಿ ಬರುವುದಿಲ್ಲ. ಯಾರೋ ಸಿಗರೇಟು ಡಬ್ಬಿ ತರುತ್ತಾರೆ, ಯಾರೋ ಬೈನಾಕ್ಯುಲರ್ ತರುತ್ತಾರೆ. ಸೂಡಾನಿನ ಸಂತೆಯಲ್ಲಿ ಒಬ್ಬರು ಈಟಿ ಕೊಂಡಿದ್ದರೆ ಆಶ್ಚರ್ಯವೇನಿಲ್ಲ.

ಹಾಗಾಗಿ ಪ್ರಶ್ನೆ ನಿಂತಿತು. ಈಟಿಯ ಊರನ್ನು ಪತ್ತೆ ಹಚ್ಚುವುದು ಹೇಗೆ?

ಅಲಗು ಮೋಸ ಮಾಡುತ್ತದೆ

"ಆಫ್ರಿಕಾದ ಈಟಿ" ಎನ್ನುವುದು "ಇಂಡಿಯಾದ ಸಾರು" ಎಂದಷ್ಟೇ ಖಚಿತವಾದ ಮಾತು. ನಮ್ಮಲ್ಲಿ ಬಸ್ಸಾರು ಬಲ್ಲವರಿಗೆ ಉಡುಪಿ ಸಾರು ಬೇರೆ ಎಂದು ಹೇಳಿಕೊಡಬೇಕಿಲ್ಲ. ಈಟಿಯದೂ ಹಾಗೆಯೇ. ಬಲ್ಲವರು ಮೊದಲು ನೋಡುವುದು ಅಲಗು ಕಾವಿಗೆ ಹೇಗೆ ಕೂತಿದೆ ಎಂಬುದನ್ನು.

ದಕ್ಷಿಣದ ಜುಲು ಜನರ ಈಟಿಗೆ ಕೊಳವೆಯಿಲ್ಲ. ಅಲಗಿನ ಬುಡದಿಂದ ಇಲಿಬಾಲದಂಥ ಕಂಬಿ ಹೊರಟಿರುತ್ತದೆ. ಅದನ್ನು ಕಾವಿನೊಳಕ್ಕೆ ಇಳಿಸಿ, ಮೇಲೆ ಬೆತ್ತವನ್ನೋ ಹಸಿ ಚರ್ಮವನ್ನೋ ಬಿಗಿಯಾಗಿ ಸುತ್ತುತ್ತಾರೆ. ಚರ್ಮ ಒಣಗಿದಂತೆ ಬಿಗಿಯುತ್ತದೆ, ಮೊಳೆ ಬೇಕಿಲ್ಲ. ಹತ್ತೊಂಬತ್ತನೇ ಶತಮಾನದ ಆದಿಯಲ್ಲಿ ದೊರೆ ಶಾಕಾ ಬಳಕೆಗೆ ತಂದನೆನ್ನುವ ಗಿಡ್ಡ ಕಾವಿನ, ಉದ್ದ ಅಲಗಿನ ತಿವಿಯುವ ಈಟಿಗೆ "ಇಕ್ಲ್ವಾ" ಎಂದು ಹೆಸರು. ತಿವಿದದ್ದನ್ನು ಹೊರಕ್ಕೆಳೆದಾಗ ಬರುವ ಸದ್ದೇ ಆ ಹೆಸರಾಯಿತಂತೆ.

ಪೂರ್ವದ ಮಸಾಯಿಗಳದು ಬೇರೆಯೇ ಲೆಕ್ಕ. ಮೇಲೆ ಕತ್ತಿಯಷ್ಟುದ್ದದ ಕಿರಿದಾದ ಅಲಗು, ಕೆಳಗೆ ನೆಲಕ್ಕೆ ಊರುವ ಉದ್ದನೆಯ ಕಬ್ಬಿಣದ ಸಲಾಕೆ. ಮರ ಇರುವುದು ನಡುವೆ, ಮುಷ್ಟಿ ಹಿಡಿಯುವಷ್ಟು ಮಾತ್ರ. ಇದೂ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಹಬ್ಬಿದ ರೂಪ. ಅದಕ್ಕೂ ಹಿಂದಿನ ಮಸಾಯಿ ಈಟಿ ಎಲೆಯಾಕಾರದ ಸಣ್ಣ ಅಲಗಿನದು.

ಸಹಾರಾದ ತುವಾರೆಗ್ ಜನರ ಎಸೆಯುವ ಈಟಿ ತಲೆಯಿಂದ ಬುಡದವರೆಗೆ ಕಬ್ಬಿಣವೇ. ಕುತ್ತಿಗೆಯಲ್ಲಿ ಮುಳ್ಳು, ಮೈಮೇಲೆ ಹಿತ್ತಾಳೆಯ ಕೆತ್ತನೆ.

ಕಾಂಗೋ, ಸೂಡಾನ್ ಕಡೆಯ ಎಷ್ಟೋ ಅಲಗುಗಳಲ್ಲಿ ಒಂದು ಸೊಗಸಾದ ಗುಟ್ಟಿದೆ. ನಡುವಿನ ಏಣಿನ ಎಡಕ್ಕೆ ಮೈ ತಗ್ಗು, ಬಲಕ್ಕೆ ಉಬ್ಬು. ಮಗುಚಿ ನೋಡಿದರೂ ಮತ್ತೆ ಎಡಕ್ಕೇ ತಗ್ಗು, ಬಲಕ್ಕೇ ಉಬ್ಬು. ಅಡ್ಡ ಕೊಯ್ದರೆ ಹಾವು ಹರಿದಂತೆ ಡೊಂಕಾದ ಗೆರೆ ಕಾಣುತ್ತದೆ. ಕಡಿಮೆ ಕಬ್ಬಿಣದಲ್ಲಿ ಅಲಗು ಬಾಗದಂತೆ ಮಾಡುವ ಜಾಣತನ ಅದು. ಎರಡೂ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿದರೆ ಕಣ್ಣು ಮುಚ್ಚಿಯೇ ಗುರುತಿಸಬಹುದು.

ಇನ್ನು ಯುದ್ಧಕ್ಕೇ ಅಲ್ಲದ ಈಟಿಗಳಿವೆ. ಕಾಂಗೋ ನದಿಯ ತೀರದ ಲೊಕೆಲೆ, ಟೊಪೊಕೆ ಜನ ಆಳೆತ್ತರದ, ತೆಳ್ಳನೆಯ, ಹರಿತವಿಲ್ಲದ ಈಟಿಯ ತಲೆಗಳನ್ನು ಮಾಡುತ್ತಿದ್ದರು. ಅದು ದುಡ್ಡು! ಮದುವೆಯ ತೆರಕ್ಕೆ, ದೊಡ್ಡ ವ್ಯವಹಾರಕ್ಕೆ ಎಣಿಸಿ ಕೊಡುವ ನಾಣ್ಯ.

ಇಷ್ಟಾದರೂ ಅಲಗಿನ ಆಕಾರ ನಂಬಿ ಕೂರುವಂತಿಲ್ಲ. ಕಿಲಿಮಂಜಾರೋ ತಪ್ಪಲಿನ ಚಗ್ಗಾ ಕಮ್ಮಾರರು ಮಸಾಯಿಗಳಿಗೆ ಈಟಿ ಮಾಡಿಕೊಡುತ್ತಿದ್ದರು. ಹಿಡಿದವನು ಒಬ್ಬ, ಬಡಿದವನು ಇನ್ನೊಬ್ಬ. 1879ರ ಜನವರಿಯಲ್ಲಿ ಇಸಾಂಡ್ಲ್ವಾನಾದಲ್ಲಿ ಬ್ರಿಟಿಷರು ಜುಲುಗಳ ಕೈಲಿ ಸೋತ ಮೇಲಂತೂ ಇಂಗ್ಲೆಂಡಿನಲ್ಲಿ ಆ ಹೆಸರಿಗೆ ಎಂಥ ಬೆಲೆ ಬಂತೆಂದರೆ, ಎಲ್ಲಿಂದಲೋ ಬಂದ ಈಟಿಗೂ "ಜುಲು" ಎಂದು ಚೀಟಿ ಅಂಟಿಸಿ ಮಾರಿದರು. ಅಂಗಡಿಯವನ ಚೀಟಿ ಆಮೇಲೆ ವಸ್ತುಸಂಗ್ರಹಾಲಯದ ಚೀಟಿಯೂ ಆಗಿ ಕೂತದ್ದುಂಟು.

> ಸೂಟ್‌ಕೇಸಿನ ಈಟಿ
> ನೈರೋಬಿಗೆ ಪ್ರವಾಸ ಹೋದವರು, ಕೆಲಸಕ್ಕಿದ್ದವರು ಊರಿಗೆ ತರುವ ಮಸಾಯಿ ಈಟಿಯನ್ನು ಗುರುತಿಸಲು ಪಾಂಡಿತ್ಯ ಬೇಡ. ಹಿಡಿದು ತಿರುಗಿಸಿ. ನಲ್ಲಿಯಂತೆ ತಿರುಪು ಬಿಚ್ಚಿ ಮೂರು ತುಂಡಾದರೆ ಅದು ವಿಮಾನ ಹತ್ತಲೆಂದೇ ಹುಟ್ಟಿದ ಈಟಿ. ಶೋಕೇಸಿಗೆ ಚಂದ, ಇತಿಹಾಸಕ್ಕಲ್ಲ.

ನಮ್ಮ ಈಟಿಯ ತಪಾಸಣೆ

ಅಜ್ಜಿಯ ಈಟಿಯನ್ನು ಜಗುಲಿಯ ಬೆಳಕಿಗೆ ತಂದೆ.

ಬಾಲದ ಕಂಬಿಯಿಲ್ಲ, ಕೊಳವೆ ಇದೆ. ಜುಲು ಅಲ್ಲ. ಅಲಗಿನ ಎರಡೂ ಮಗ್ಗುಲು ಸಮ, ನಡುವೆ ಸಣ್ಣ ಏಣು. ಹೆಬ್ಬೆರಳಿಗೆ ತಗ್ಗು ಉಬ್ಬು ಸಿಗಲಿಲ್ಲ. ಕಾಂಗೋದ ಆಸೆಯೂ ಹೋಯಿತು. ಮುಳ್ಳಿಲ್ಲ, ಹಿತ್ತಾಳೆಯಿಲ್ಲ.

ಸೂಡಾನ್ ಮಾತ್ರ ಉಳಿದಿತ್ತು. 1898ರ ಸೆಪ್ಟೆಂಬರ್ 2ರಂದು ಓಂಡುರ್ಮಾನ್‌ನಲ್ಲಿ ಅಲ್ಲಿನ ಧರ್ಮನಾಯಕ ಮಹದಿಯ ಅನುಯಾಯಿಗಳ ಸೈನ್ಯ ಮಷಿನ್‌ಗನ್ನುಗಳೆದುರು ನೆಲಕ್ಕುರುಳಿತು. ಅಂದು ಬಯಲಿನಲ್ಲಿ ಬಿದ್ದ ಅಗಲ ಎಲೆಯ ಈಟಿಗಳನ್ನು ಬ್ರಿಟಿಷ್ ಸೈನಿಕರು ನೆನಪಿಗೆಂದು ಹೊತ್ತೊಯ್ದರು. ಆ ಕಾಲದ ಕೆಲವು ಅಲಗುಗಳ ಮೇಲೆ ಆಮ್ಲದಿಂದ ಕೊರೆದ ಅರಬ್ಬಿ ಬರಹ ತುಂಬಿರುತ್ತದೆ. ಎಷ್ಟೋ ಸಲ ಅದು ಬರಹದಂತೆ ಕಾಣುವ ಚಿತ್ತಾರ, ಓದಲು ಬರುವುದೇ ಇಲ್ಲ.

ಇಲ್ಲಿ ಅಂಥದ್ದೇನೂ ಇರಲಿಲ್ಲ. ಇದ್ದದ್ದು ವರ್ಷವರ್ಷದ ಆಯುಧಪೂಜೆಯ ಕುಂಕುಮ ಎಣ್ಣೆಯ ಕಪ್ಪು ಜಿಡ್ಡು. ಮತ್ತೊಂದು: ಕೊಳವೆಯ ತಳದಲ್ಲಿ ತುಕ್ಕಿಗೆ ಅಂಟಿಕೊಂಡ ನಾಲ್ಕಾರು ನಾರು. ಕಬ್ಬಿಣಕ್ಕೆ ತಾಗಿದ ಮರ, ಬಟ್ಟೆ, ಚರ್ಮ ತುಕ್ಕಿನೊಳಗೆ ಕಲ್ಲಿನಂತೆ ಉಳಿದುಬಿಡುತ್ತದೆ. ಉತ್ಖನನದಲ್ಲಿ ಎಷ್ಟೋ ಕಾವುಗಳ ಮರ ಯಾವುದೆಂದು ತಿಳಿಯುವುದು ಹೀಗೆ. ನನ್ನ ಕಣ್ಣಿಗೆ ಅದು ಬಿದಿರಿನ ನಾರು. ಮರಳು ಕಾಗದದ ಎರಡು ಉಜ್ಜಿಗೆ ಬಿದ್ದಿದ್ದರೆ ಅದೂ ಹೋಗುತ್ತಿತ್ತು.

ಆದರೆ ಬಿದಿರೊಂದೇ ಸಾಕ್ಷಿಯಲ್ಲ. ಗುದ್ದಲಿ ಒಂದೇ, ಕಾವು ಹತ್ತು ಎನ್ನುವುದು ರೈತರ ಮನೆಯ ಅನುಭವ. ಆಫ್ರಿಕಾದ ಅಲಗಿಗೆ ಲಿಂಗದಹಳ್ಳಿಯ ಬಿದಿರು ಹಾಕಬಾರದೆಂದೇನೂ ಇಲ್ಲವಲ್ಲ.

> ಲಾನ್ಸರ್‌ಗಳ ಭರ್ಜಿ
> ಮೈಸೂರು ಸೀಮೆಯಿಂದ ಹೊರಗೆ ಹೋಗಿ ಹೆಸರು ಮಾಡಿದ ಈಟಿಯೂ ಒಂದಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಲಾನ್ಸರ್‌ಗಳು ಕುದುರೆಯೇರಿ, ಭರ್ಜಿ ಹಿಡಿದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು. ಅಶ್ವದಳಗಳ ಇಂಥ ಭರ್ಜಿಯನ್ನು ಹಳ್ಳಿಯ ಈಟಿಯೊಂದಿಗೆ ಗೊಂದಲ ಮಾಡಿಕೊಳ್ಳಬೇಕಿಲ್ಲ. ಅಗಲ ಅಲಗಲ್ಲ, ಚಿಕ್ಕ ಚೂಪು ಉಕ್ಕಿನ ಮೊನೆ; ಗಟ್ಟಿ ಗಂಡು ಬಿದಿರಿನ ಗಳ; ಕಾರ್ಖಾನೆಯ ಮುದ್ರೆ. ಮೈಸೂರು ಲಾನ್ಸರ್‌ಗಳ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

ಆಚಾರ್ರ ಬೆರಳು

ಊರಂಚಿನ ಕುಲುಮೆಗೆ ಹೋದೆವು. ತಿದಿ ಈಗಿಲ್ಲ, ಕರೆಂಟಿನ ಬ್ಲೋಯರು ಗುಯ್‌ಗುಡುತ್ತದೆ. ಕೆಲಸ ನೋಡುವವನು ಮಗ. ಎಂಬತ್ತರ ಹತ್ತಿರದ ಆಚಾರ್ರು ಬಾಗಿಲ ಬಳಿ ಬೀಡಿ ಹಚ್ಚಿ ಕೂತಿದ್ದರು.

ಈಟಿಯನ್ನು ಕೈಗೆ ಕೊಟ್ಟರೆ ಅವರು ಮೊನೆ ನೋಡಲಿಲ್ಲ, ಅಲಗು ನೋಡಲಿಲ್ಲ. ತಿರುವಿ ಹಿಡಿದು ಕೊಳವೆಯ ಬಾಯಿಗೆ ಕಿರುಬೆರಳು ತೂರಿಸಿದರು. ಒಂದು ಸುತ್ತು ತಿರುಗಿಸಿದರು. ನಕ್ಕರು.

"ಎಲ್ಲೀದು ಅಂದ್ರಿ?"

"ಆಫ್ರಿಕಾದ್ದಂತೆ, ಆಚಾರ್ರೇ."

"ಹಂಗಾರೆ ಅಲ್ಲೂ ನಮ್ಮೋರು ಕುಲುಮೆ ಹಾಕಿದ್ರೇನೋ." ಒಳಗೆ ತಿರುಗಿ ಮಗನಿಗೆ ಕೂಗಿದರು, "ಲೇ, ಆ ದೋಟಿ ಕತ್ತಿ ತಗಂಬಾ."

ಹದ ಹಾಕಿಸಲು ಯಾರೋ ಬಿಟ್ಟುಹೋದ ಹಳೇ ದೋಟಿ ಕತ್ತಿ ಬಂತು. ಗಳದ ತುದಿಗೆ ಸಿಕ್ಕಿಸಿ ಅಡಿಕೆ ಗೊನೆ ಇಳಿಸುವ ಕತ್ತಿ. ಅದನ್ನೂ ಈಟಿಯನ್ನೂ ಬುಡ ಮೇಲಾಗಿ ಅಡಿಗಲ್ಲಿನ ಮೇಲೆ ಜೋಡಿಸಿಟ್ಟರು.

ಆಗ ಕಂಡಿತು. ಎರಡರಲ್ಲೂ ಅಲಗಿನ ಬುಡವನ್ನು ಬಡಿದು ಬೀಸಣಿಗೆಯಂತೆ ಅಗಲಿಸಿದ್ದಾರೆ. ಆ ಬೀಸಣಿಗೆಯನ್ನು ವೀಳ್ಯದೆಲೆ ಸುರುಳಿ ಸುತ್ತಿದಂತೆ ಸುತ್ತಿದ್ದಾರೆ. ಎರಡರಲ್ಲೂ ಬಲದ ಅಂಚು ಎಡದ ಅಂಚಿನ ಮೇಲೆ ಅರ್ಧ ಬೆರಳಿನಷ್ಟು ಹತ್ತಿದೆ. ಹತ್ತಿದಲ್ಲಿ ಚೆನ್ನಾಗಿ ಕಾಯಿಸಿ ಬಡಿದು ಕೂರಿಸಿದ್ದಾರೆ. ಬಾಯಿಯ ಹತ್ತಿರ ಮಾತ್ರ ಕೂದಲೆಳೆಯಷ್ಟು ಸಂದು ಉಳಿದಿದೆ. ಸಂದಿನ ನೇರ ಎದುರಿಗೆ ಒಂದೇ ಒಂದು ಮೊಳೆಯ ತೂತು. ತೂತು ಕೊರೆದದ್ದಲ್ಲ, ಬಿಸಿಯಲ್ಲಿ ಚಾಣದಿಂದ ಹೊಡೆದದ್ದು. ಒಳಗಡೆ ಅದರ ಅಂಚು ಹೂವಿನಂತೆ ಅರಳಿಕೊಂಡಿದೆ. ಆಚಾರ್ರ ಕಿರುಬೆರಳಿಗೆ ಸಿಕ್ಕಿದ್ದು ಅದೇ.

"ಇದು ಹಂದಿ ಈಟಿ. ನಮ್ಮಪ್ಪ ಮಾಡೋರು. ಗದ್ದೆ ಕಾಯಾಕೆ. ಕೊಳವಿ ಸುತ್ತೋದು ಕಲಿಯಾಕೆ ನಂಗೆ ಎರಡು ವರ್ಷ ಹಿಡೀತು. ಅಲಗು ಹೆಂಗೆ ಬೇಕಾದ್ರೂ ಬಡೀಬೌದು, ಗಿರಾಕಿ ಹೇಳ್ದಂಗೆ. ಕೊಳವಿ ಮಾತ್ರ ಕಲಿಸಿದೋರು ಹೆಂಗೆ ಕಲಿಸಿದ್ರೋ ಹಂಗೆ."

ಪುಸ್ತಕದಲ್ಲಿ ಓದಿದ್ದನ್ನೆಲ್ಲ ಅವರು ಬೀಡಿ ಆರುವುದರೊಳಗೆ ಹೇಳಿ ಮುಗಿಸಿದರು. ಅಲಗು ಫ್ಯಾಷನ್ನಿಗೆ ತಕ್ಕಂತೆ ಬದಲಾಗುತ್ತದೆ, ನೆರೆಯವರದನ್ನು ನಕಲು ಮಾಡುತ್ತದೆ. ಯಾರೂ ನೋಡದ ಕೊಳವೆಯನ್ನು ನಕಲು ಮಾಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಅಲ್ಲಿ ಉಳಿಯುವುದು ಕೈಯ ರೂಢಿ.

ಇಲ್ಲೇ ಹತ್ತಿರದ ಅಮೃತಾಪುರದಲ್ಲಿ, 1196ರಲ್ಲಿ ಎರಡನೇ ಬಲ್ಲಾಳನ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ಗುಡಿಯಿದೆ. ಅಲ್ಲಿ ಕೆತ್ತಿದ ರೂವಾರಿ ಮಲ್ಲಿತಮ್ಮನ ಹೆಸರು ನಮಗೆ ಗೊತ್ತು. ಅವನ ಉಳಿ ಬಡಿದುಕೊಟ್ಟ ಕಮ್ಮಾರ ಯಾರು? ಕಬ್ಬಿಣದವರು ಹೆಸರು ಕೆತ್ತಿಕೊಂಡವರಲ್ಲ. ಅವರ ರುಜು ಇರುವುದು ಇಂಥ ಕೊಳವೆಗಳಲ್ಲೇ.

ಕಬ್ಬಿಣದ ಊರು ಬೇರೆ

ಮನೆಗೆ ಬಂದು ಹೇಳಿದಾಗ ಅಜ್ಜಿಯ ಮುಖ ಸಣ್ಣದಾಯಿತು. "ಹಂಗಾರೆ ಮಾವನೋರು ಸುಳ್ಳು ಹೇಳಿದ್ರಾ?"

ಹಾಗಲ್ಲ ಎಂದೆ. ಮಾವನವರು ಆಫ್ರಿಕಾಕ್ಕೆ ಹೋಗಿರಬಹುದು, ಈಟಿ ಹೋಗಿಲ್ಲ. ಅಟ್ಟದ ಮೇಲೆ ಒಟ್ಟಿಗೆ ಇದ್ದ ಎರಡು ನೆನಪುಗಳು ಕಾಲಾಂತರದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಂದಿ ಈಟಿಯೆಂದು ಹೇಳಿಕೊಳ್ಳುವುದಕ್ಕಿಂತ ಆಫ್ರಿಕಾದ್ದು ಎನ್ನುವುದು ಮನೆಗೂ ಕ್ಷೇಮವಿದ್ದಿರಬೇಕು. ಇದು ನನ್ನ ಊಹೆ, ಅಜ್ಜಿಯ ಎದುರು ಹೇಳಲಿಲ್ಲ.

ಆದರೆ ಸುತ್ತಿಗೆಯ ಊರು ಸಿಕ್ಕಿತೆಂದರೆ ಕಬ್ಬಿಣದ ಊರು ಸಿಕ್ಕಂತಲ್ಲ. ಅದು ಎರಡನೇ ಪ್ರಶ್ನೆ, ಇನ್ನೂ ಸ್ವಾರಸ್ಯದ್ದು.

1154ರಲ್ಲಿ ಮುಗಿದ ತನ್ನ ಭೂಗೋಳ ಗ್ರಂಥದಲ್ಲಿ ಅಲ್ ಇದ್ರಿಸಿ, ಪೂರ್ವ ಆಫ್ರಿಕಾದ ಸೊಫಾಲಾ ಕರಾವಳಿಯ ಕಬ್ಬಿಣವನ್ನು ವರ್ತಕರು ಹಡಗಿನಲ್ಲಿ ಭಾರತಕ್ಕೆ ಒಯ್ಯುತ್ತಾರೆ, ಅಲ್ಲಿನವರು ಅದರಿಂದ ಉತ್ತಮ ಕತ್ತಿ ಮಾಡುತ್ತಾರೆ ಎಂದು ಬರೆದಿದ್ದಾನೆ. ಅದೇ ಶತಮಾನದಲ್ಲಿ ಮಂಗಳೂರಿನಲ್ಲಿ ಬೀಡುಬಿಟ್ಟಿದ್ದ ಯಹೂದಿ ವರ್ತಕ ಬೆನ್ ಯಿಜು ಇಲ್ಲಿಂದ ಏಡನ್‌ಗೆ ಕಬ್ಬಿಣ ಕಳಿಸುತ್ತಿದ್ದ. ಕೈರೋದ ಯಹೂದಿ ಮಂದಿರದ ಉಗ್ರಾಣದಲ್ಲಿದ್ದ ಗೆನೀಜಾ ಕಾಗದಗಳಲ್ಲಿ ಅದರ ಲೆಕ್ಕಪತ್ರ ಸಿಕ್ಕಿದೆ. ಅವನ ಆಳು ಬೊಮ್ಮನ ಜಾಡು ಹಿಡಿದೇ ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕ ಬರೆದದ್ದು. ಅಂದರೆ ಅತ್ತಣ ಕಬ್ಬಿಣ ಇತ್ತ, ಇತ್ತಣದ್ದು ಅತ್ತ. "ಅರಬ್ಬಿ ಕತ್ತಿ"ಯೊಳಗೆ ಕರುನಾಡಿನ ಕಬ್ಬಿಣ, "ಹಿಂದೂಸ್ತಾನಿ ಕತ್ತಿ"ಯೊಳಗೆ ಆಫ್ರಿಕಾದ ಕಬ್ಬಿಣ ಇದ್ದರೆ ಯಾವುದಕ್ಕೆ ಯಾವ ಊರು ಬರೆಯೋಣ?

ಕಬ್ಬಿಣ ಹೀಗೆ ಓಡಾಡಿತು, ಜನರೂ ಬಂದರು. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರು. ಸಿದ್ದಿಗಳ ಕೈಯಲ್ಲಿ ಆಫ್ರಿಕಾದ ಈಟಿ ಉಳಿದಿಲ್ಲವೇಕೆ ಎಂದು ಕೇಳುವವರಿದ್ದಾರೆ. ಸಂಕೋಲೆ ಹಾಕಿ ತಂದವರ ಕೈಗೆ ಈಟಿ ಕೊಟ್ಟು ಹಡಗು ಹತ್ತಿಸುತ್ತಾರೆಯೇ?

ನಮ್ಮ ಕಡೆಯ ಹಳೇ ಕಬ್ಬಿಣ ಎಂಥದ್ದು? ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ಮಾಡಿದಾಗ ಸಿಕ್ಕ ಕಬ್ಬಿಣದ ಬಾಣದ ತಲೆಗಳ ಕಾಲ ಕ್ರಿ.ಪೂ. 1000ದ ಸುಮಾರಿನದೆಂದು ಲೆಕ್ಕ ಹಾಕಿದರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್, ತುಮಕೂರು ಕಡೆಯ ಚನ್ನರಾಯನದುರ್ಗದ ಬಳಿ ಉಕ್ಕು ಮಾಡುವುದನ್ನು ನಿಂತು ನೋಡಿ ಬರೆದುಕೊಂಡ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಡ್ಡಿ, ಮೇಲೆ ಒಂದೆರಡು ಹಸಿರೆಲೆ, ಬಾಯಿಗೆ ಮಣ್ಣು ಮೆತ್ತಿ ಉರಿಗೆ. ಇಂಗ್ಲಿಷಿನ "ವೂಟ್ಸ್" ನಮ್ಮ "ಉಕ್ಕು" ಎಂಬುದರಿಂದಲೇ ಬಂದದ್ದು ಎಂದು ಬಲ್ಲವರ ಮತ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಉಕ್ಕಿನ ಬಗ್ಗೆ 2004ರಲ್ಲಿ ಪುಸ್ತಕವನ್ನೇ ತಂದರು.

ಆಫ್ರಿಕಾದಲ್ಲೂ ಇಂಥ ಪರಂಪರೆ ಹಳೆಯದು. ತಾಂಜಾನಿಯಾದ ಹಾಯಾ ಜನರ ಮುದುಕರು, ಎಂದೋ ಬಿಟ್ಟಿದ್ದ ಕುಲುಮೆಯನ್ನು 1970ರ ದಶಕದಲ್ಲಿ ನೆನಪಿನಿಂದಲೇ ಕಟ್ಟಿ ಕಬ್ಬಿಣ ತೆಗೆದು ತೋರಿಸಿದರು. ಪೀಟರ್ ಶ್ಮಿಟ್ ಮತ್ತು ಡೊನಾಲ್ಡ್ ಎವರಿ 1978ರಲ್ಲಿ "ಸೈನ್ಸ್" ಪತ್ರಿಕೆಯಲ್ಲಿ ಅದನ್ನು ಬರೆದಾಗ ಪಂಡಿತರ ವಲಯ ಬೆರಗಾಯಿತು.

ಕುಲುಮೆಯ ಕಬ್ಬಿಣ ಪೂರ್ತಿ ಕರಗುವುದಿಲ್ಲ, ಹಾಗಾಗಿ ಕಿಟ್ಟ ಒಳಗೇ ಉಳಿಯುತ್ತದೆ. ಬಡಿದಂತೆ ಅದು ಎಳೆಯೆಳೆಯಾಗಿ ಹರಡುತ್ತದೆ. ತುಕ್ಕು ಹಿಡಿದಾಗ ಅಂಥ ಅಲಗು ತೆಂಗಿನ ಮರದ ಸೀಳಿನಂತೆ ಉದ್ದುದ್ದ ಗೆರೆ ತೋರಿಸುತ್ತದೆ. ಈ ಕಿಟ್ಟದ ಕಣಗಳಲ್ಲೇ ಅದಿರಿನ ಜಾತಕವಿರುವುದು. ಪ್ರಯೋಗಾಲಯದಲ್ಲಿ ಅದರ ರಾಸಾಯನಿಕ ಗುಣ ನೋಡಿ, ಕಬ್ಬಿಣದೊಳಗಿನ ಆಸ್ಮಿಯಂನಂಥ ಧಾತುವಿನ ಐಸೊಟೋಪು ಅಳೆದು, ಗೊತ್ತಿರುವ ಗಣಿಗಳೊಂದಿಗೆ ಹೋಲಿಸುತ್ತಾರೆ. ಕಾರ್ಖಾನೆಯ ಉಕ್ಕು ಹಾಗಲ್ಲ. ಗೆರೆಯಿಲ್ಲದೆ ಸಿಡುಬಿನ ಕಲೆಯಂತೆ ಗುಳಿಗುಳಿಯಾಗಿ ತುಕ್ಕು ಹಿಡಿಯುತ್ತದೆ.

ಅಜ್ಜಿಯ ಈಟಿಯಲ್ಲಿ ಗೆರೆಯಿರಲಿಲ್ಲ. ಗುಳಿಗಳಿದ್ದವು.

ಅಂದರೆ ಊರಿನ ಕೈ, ಕಾರ್ಖಾನೆಯ ಕಬ್ಬಿಣ. ಗಾಡಿಯ ಪಟ್ಟಿಯೋ, ಮುರಿದ ಹಾರೆಯೋ, ಆಚಾರ್ರ ಅಪ್ಪನಿಗೆ ಸಿಕ್ಕ ಯಾವುದೋ ಗುಜರಿ. ಅದು ಇಂಗ್ಲೆಂಡಿನದಿರಬಹುದು. ಭದ್ರಾವತಿಯದೂ ಇರಬಹುದು. 1923ರಲ್ಲಿ ಇದ್ದಿಲ ಉರಿಯಲ್ಲಿ ಕಬ್ಬಿಣ ತೆಗೆಯಲು ತೊಡಗಿದ ಆ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಮೇಲಿಂದ ರೋಪ್‌ವೇ, ತಪ್ಪಲಿನಿಂದ ಟ್ರಾಮ್ ಹಳಿ. 1434 ಮೀಟರ್ ಎತ್ತರದ ಆ ಕೆಂಪು ಮಣ್ಣಿನ ಗುಂಡಿ ಲಿಂಗದಹಳ್ಳಿಯಿಂದ ಮೇಲಕ್ಕೆ ಹೋಗುವ ದಾರಿಯಲ್ಲೇ ಇದೆ.

> ಹೊಲದಲ್ಲಿ ಸಿಕ್ಕರೆ
> ನೆಲದಡಿ ಸಿಕ್ಕ ಹಳೇ ಆಯುಧ ಮನೆಯ ಸ್ವತ್ತಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆಯೂ ಅನ್ವಯಿಸುತ್ತದೆ. ಸಿಕ್ಕ ಜಾಗದ ಫೋಟೊ ತೆಗೆದು, ಸುತ್ತ ಅಗೆಯದೆ, ಗ್ರಾಮ ಆಡಳಿತಾಧಿಕಾರಿಗೋ ತಹಶೀಲ್ದಾರರಿಗೋ ಹೇಳಿ. ಮೇಲೆತ್ತಿದ ಈಟಿಗಿಂತ ಅದು ಮಲಗಿದ್ದ ಮಣ್ಣು ಹೆಚ್ಚು ಹೇಳುತ್ತದೆ.

ಮಹಾನವಮಿಯ ದಿನ ಆ ಮನೆಗೆ ಮತ್ತೆ ಹೋದೆ. ಈಟಿಯನ್ನು ದೋಟಿ ಕತ್ತಿಯ ಪಕ್ಕದಲ್ಲೇ ಇಟ್ಟಿದ್ದರು. ಎರಡಕ್ಕೂ ಒಂದೊಂದು ಚೆಂಡು ಹೂವು. ಈಟಿಗೆ ಮಾತ್ರ ಕುಂಕುಮವಿಲ್ಲ, ಹುಡುಗ ಬೇಡವೆಂದನಂತೆ. ಕೊಳವೆಗೆ ದಾರದಿಂದ ಒಂದು ರಟ್ಟಿನ ಚೂರು ಕಟ್ಟಿದ್ದ. ಅದರ ಮೇಲೆ ಅವನದೇ ಅಕ್ಷರ: "ಹಂದಿ ಈಟಿ. ಲಿಂಗದಹಳ್ಳಿ. ಮುತ್ತಾತನ ಕಾಲದ್ದು. ಮುತ್ತಾತ ಆಫ್ರಿಕಾಕ್ಕೆ ಹೋಗಿದ್ದರು ಎಂದು ಅಜ್ಜಿ ಹೇಳುತ್ತಾರೆ."

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ಈ ಸಲ ಮರಳು ಕಾಗದ, ಹುಣಸೆಹಣ್ಣು, ಸೀಮೆಎಣ್ಣೆ ಬೇಡ. ಒಣಬಟ್ಟೆಯಲ್ಲಿ ಒರೆಸಿ ಸಾಕು. ಯಾರು ತಂದದ್ದು, ಎಲ್ಲಿಂದ, ನಿಮಗೆ ಹೇಳಿದವರು ಯಾರು ಎಂಬಿಷ್ಟನ್ನು ಚೀಟಿಯಲ್ಲಿ ಬರೆದು ಕಟ್ಟಿ. ಪೆನ್ಸಿಲ್‌ನಲ್ಲೇ ಬರೆಯಿರಿ. ನಮ್ಮ ಕಡೆಯ ಮಳೆಗಾಲಕ್ಕೆ ಪೆನ್ನಿನ ಶಾಯಿ ನಿಲ್ಲುವುದಿಲ್ಲ.